ಇಂದಿನ ಧಮ್ಮ ಚಿಂತನೆ: ನನ್ನ ಕರುಣೆಯ ಬೆಲೆ ಯಾರು ಕೊಡಬೇಕು?





ರಥಸಪ್ತಮಿಯ ದಿನ ಎಕ್ಕದ ಎಲೆಗಳನ್ನು ತಲೆ, ಭುಜದ ಮೇಲಿಟ್ಟುಕೊಂಡು ಸ್ನಾನ ಮಾಡುವುದನ್ನು ನಮ್ಮ ಅವ್ವ ಈಗಲೂ ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಹಾಗೆ ಕಿತ್ತು ತಂದ ಎಲೆಗಳಲ್ಲಿ ಒಂದರ ಅಡಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಮೊಟ್ಟೆಯೊಂದಿತ್ತು. "ಇದರ ಮ್ಯಾಲೆ ಯಾವ್ದೋ ಜೀವ ಐತಿ, ಇದು ಬ್ಯಾಡ" ಅಂತ ಅವ್ವ ಆ ಎಲೆಯನ್ನು ಬದಿಗಿಟ್ಟಳು. ನಾನು ಅದನ್ನು ಒದ್ದೆ ಬಟ್ಟೆಯ ಮೇಲಿಟ್ಟೆ. ಮೂರನೆಯ ದಿನ ಕೂದಲೆಳೆಯಂಥ ಮರಿಹುಳು ಹೊರಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದಿತು.

ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಅಮೆರಿಕದ ಪ್ರಸಿದ್ಧ ಮೊನಾರ್ಕ್ ಚಿಟ್ಟೆಯ ಹತ್ತಿರದ ಬಳಗ. ಅಲ್ಲಿ ಸಾವಿರಾರು ಜನ ಮೊನಾರ್ಕ್ ಮರಿಗಳನ್ನು ಮನೆಯಲ್ಲಿ ಸಾಕುತ್ತಾರೆ. ನಮ್ಮಲ್ಲಿ ಈ ಚಿಟ್ಟೆಗೆ ಬೇಕಾದ ಎಕ್ಕ ಎಲ್ಲೆಲ್ಲೂ ಇದೆ. ಹಂಪಿಯ ಬಂಡೆಗಳ ಸಂದಿಯಲ್ಲಿದೆ, ಸಂಡೂರಿನ ರಸ್ತೆಬದಿ ಅದಿರಿನ ಕೆಂಪು ಧೂಳು ಹೊತ್ತು ನಿಂತಿದೆ, ನಾನು ದಿನಾ ಹೊಸಪೇಟೆಯಿಂದ ಕಂಪ್ಲಿಯ ಶಾಲೆಗೆ ಹೋಗುವ ದಾರಿಯುದ್ದಕ್ಕೂ ಇದೆ. ಮುಂದಿನ ತಿಂಗಳಲ್ಲಿ ನನ್ನ ಬಲೆಬುಟ್ಟಿಯಲ್ಲಿ ಹನ್ನೊಂದು ಮರಿಗಳಾದವು.

ಕೆಲಸ ಸಣ್ಣದು, ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಹಿಂದಿನ ದಿನದ ಹಿಕ್ಕೆ ಗುಡಿಸಬೇಕು, ಬಾಡಿದ ಎಲೆ ತೆಗೆದು ಹೊಸದು ಇಡಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಸೋಪು ಹಚ್ಚಿ ಕೈ ತೊಳೆಯಬೇಕು. ಮರಿ ಅಲ್ಲಾಡದೆ ಕೂತಿದ್ದರೆ ಪೊರೆ ಬಿಡುವ ಹೊತ್ತು ಎಂದು ತಿಳಿದು ಮುಟ್ಟದೆ ಬಿಡಬೇಕು. ಅವು ಎಲೆಯ ನರವನ್ನು ಮೊದಲೇ ಕಚ್ಚಿ, ಹಾಲು ಸೋರಿಹೋದ ಮೇಲೆ ತಿನ್ನುವುದನ್ನು ನೋಡುತ್ತಾ ಕೂತರೆ ಬಸ್ಸು ತಪ್ಪುತ್ತಿತ್ತು. ಎರಡು ವಾರ ತಿಂದು, ನಾಲ್ಕು ಸಲ ಪೊರೆ ಕಳಚಿ, ಕೊನೆಗೆ ತಲೆಕೆಳಗಾಗಿ ಜೋತು ಹಸಿರು ಕೋಶವಾಗುತ್ತವೆ. ಧ್ಯಾನಕ್ಕೆ ಕೂತಾಗ ಹತ್ತು ನಿಮಿಷ ನಿಲ್ಲದ ನನ್ನ ಮನಸ್ಸು ಆ ಬುಟ್ಟಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಿತ್ತು. ಇದೇ ಮೈತ್ರಿ, ಇದೇ ಕರುಣೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಒಂದು ಭಾನುವಾರ ಮೂರು ಕೋಶಗಳು ಕಂದುಬಣ್ಣಕ್ಕೆ ತಿರುಗಿದವು. ನೋಡುತ್ತಿದ್ದಂತೆಯೇ ಒಂದರಿಂದ ಬಿಳಿ ಹುಳು ಹೊರಟು, ಸಣ್ಣ ಎಳೆ ಹಿಡಿದು ಕೆಳಗಿಳಿಯಿತು. ಹಿಂದೆಯೇ ಇನ್ನೂ ಮೂರು. ಟ್ಯಾಕಿನಿಡ್ ಎಂಬ ಗುಂಪಿನ ನೊಣದ ಮರಿಗಳು ಅವು. ಚಿಟ್ಟೆಯ ಮರಿಯ ಮೈಯೊಳಗೇ ಬೆಳೆದು, ಅದನ್ನೇ ಉಂಡು ಹೊರಬರುವಂಥವು. ನಾನು ದಿನಾ ಎಲೆ ಕೊಟ್ಟು ಬೆಳೆಸಿದ್ದು ಇವನ್ನೇ ಅನ್ನಿಸಿ ಮೈ ಉರಿಯಿತು. ಚಪ್ಪಲಿ ತೆಗೆದುಕೊಂಡು ನಾಲ್ಕನ್ನೂ ಅರೆದೆ.

ಅಂದು ಸಂಜೆ ಪಂಚಶೀಲ ಹೇಳುವಾಗ ಮೊದಲನೆಯ ಶೀಲದಲ್ಲೇ ನಾಲಿಗೆ ತಡೆಯಿತು. ಗೊತ್ತಿಲ್ಲದೆ ಇರುವೆ ತುಳಿದದ್ದಾಗಿದ್ದರೆ ಬೇರೆ. ಇದು ಗೊತ್ತಿದ್ದೇ ಮಾಡಿದ್ದು, ಅದೂ ಪ್ರೀತಿಯ ಹೆಸರಿನಲ್ಲಿ. ದ್ವೇಷದಿಂದ ಕೊಂದವನು ಒಂದು ದಿನ ನಾಚಬಹುದು. ಪ್ರೀತಿಯಿಂದ ಕೊಂದವನಿಗೆ ತಾನು ಕೊಂದೆ ಅನ್ನುವುದೇ ಹೊಳೆಯುವುದಿಲ್ಲ. ನನಗೂ ಸಂಜೆಯವರೆಗೆ ಹೊಳೆದಿರಲಿಲ್ಲ.

ಆಗ ನೆನಪಾದದ್ದು ಶಾಲೆಯಲ್ಲಿ ನಾನೇ ಎಷ್ಟೋ ಸಲ ಹೇಳಿದ ಶಿಬಿಯ ಕಥೆ. ಪಾರಿವಾಳ ಶಿಬಿಯ ತೊಡೆಯ ಮೇಲೆ ಬಿದ್ದು ಅಭಯ ಕೇಳುತ್ತದೆ. ಬೆನ್ನಟ್ಟಿ ಬಂದ ಗಿಡುಗ, ಅದನ್ನು ಉಳಿಸಿದರೆ ಹಸಿದ ತನ್ನ ಗತಿಯೇನು ಎಂದು ಕೇಳುತ್ತದೆ. ಮಕ್ಕಳಿಗೆ ಹೇಳುವಾಗ ನಾವು ಗಿಡುಗವನ್ನು ಕೆಟ್ಟದ್ದು ಮಾಡಿಬಿಡುತ್ತೇವೆ. ಕಥೆ ಹಾಗೆ ಮಾಡುವುದಿಲ್ಲ. ಗಿಡುಗದ ಪ್ರಶ್ನೆ ನ್ಯಾಯವಾದದ್ದು ಎಂದು ಶಿಬಿ ಒಪ್ಪುತ್ತಾನೆ, ಪಾರಿವಾಳದ ತೂಕದಷ್ಟು ಮಾಂಸವನ್ನು ತನ್ನ ಮೈಯಿಂದಲೇ ಕೊಯ್ದು ತಕ್ಕಡಿಗೆ ಹಾಕುತ್ತಾನೆ. ಅವನ ಕರುಣೆಯ ಬೆಲೆ ಅವನೇ ಕೊಟ್ಟ. ನನ್ನ ಕರುಣೆಯ ಬೆಲೆಯನ್ನು ನಾನು ನೊಣದ ಕೈಯಲ್ಲಿ ಕೊಡಿಸಿದೆ.

ನೊಣವೊಂದೇ ಅಲ್ಲ. ಹನ್ನೊಂದು ಮರಿಗಳಿಗೆ ಎಲೆ ಕಿತ್ತೂ ಕಿತ್ತೂ ಕಾಂಪೌಂಡಿನ ಪಕ್ಕದ ಎಕ್ಕ ಬೋಳಾಗಿತ್ತು. ಆ ಗಿಡದ ಮೇಲೆಯೇ ಇದ್ದ ಮರಿಗಳು ಏನು ತಿಂದವೋ ನಾನು ನೋಡಲಿಲ್ಲ. ಬುಟ್ಟಿಯ ಒಳಗಿನವು ನನ್ನವು, ಹೊರಗಿನವು ಯಾರವೋ ಆಗಿದ್ದವು. ಮಮಕಾರ ಇಷ್ಟು ಸದ್ದಿಲ್ಲದೆ ಬರುತ್ತದೆ.

ಅಶೋಕನ ಶಾಸನಗಳು ನಮ್ಮ ಸುತ್ತಲೇ ಇವೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರಿನಲ್ಲಿ ಬಂಡೆಯ ಮೇಲೆಯೇ ಓದಬಹುದು. ಉತ್ತರ ಭಾರತದ ಅವನ ಐದನೆಯ ಸ್ತಂಭಶಾಸನ, ಪಟ್ಟಾಭಿಷೇಕವಾಗಿ 26 ವರ್ಷಗಳಾದಾಗಿನದು, ಎರಡು ಮಾತು ಹೇಳುತ್ತದೆ: ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಒಂದು ಜೀವಿಯನ್ನು ಇನ್ನೊಂದು ಜೀವಿಗೆ ಆಹಾರವಾಗಿ ಹಾಕಬಾರದು. ಇದು ಗಿಡುಗಕ್ಕೋ ನೊಣಕ್ಕೋ ಕೊಟ್ಟ ಆಜ್ಞೆಯಲ್ಲ. ಅವು ತಮ್ಮ ಹಸಿವಿನಂತೆ ಬದುಕುತ್ತವೆ. ಆಜ್ಞೆ ಇರುವುದು ಮನುಷ್ಯನ ಕೈಗೆ. ಕಂಪ್ಲಿಯ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟ ಹೊಗೆ ಕಂಡಾಗಲೆಲ್ಲ ನನಗೀಗ ಆ ಮೊದಲ ಮಾತು ನೆನಪಾಗುತ್ತದೆ. ಜೊತೆಗೆ ನನ್ನ ಚಪ್ಪಲಿಯೂ.

ಸಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಮಿತಿ ತಿಳಿದಿರಬೇಕು. 2019ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಮೊನಾರ್ಕ್ ಚಿಟ್ಟೆಗಳನ್ನು ಪರೀಕ್ಷಿಸಿದರು. ಚಳಿಗಾಲಕ್ಕೆ ಮೆಕ್ಸಿಕೊದ ಬೆಟ್ಟಗಳವರೆಗೆ ಸಾವಿರಾರು ಕಿಲೋಮೀಟರ್ ಹಾರುವ ಜಾತಿ ಅದು. ಕಾಡಿನ ಸಂತಾನವೇ ಆದರೂ ಮನೆಯೊಳಗೆ ಬೆಳೆದವು ಆ ಪರೀಕ್ಷೆಯಲ್ಲಿ ದಕ್ಷಿಣದ ದಿಕ್ಕು ಹಿಡಿಯಲಿಲ್ಲ. ಒಳ್ಳೆಯ ಮನಸ್ಸಿನಿಂದ ಸಾಕಿದವರೂ, ತಾವು ಕೊಡುತ್ತಿರುವುದರ ಜೊತೆ ಏನನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕಾಯಿತು.

ಈಗ ನಾನು ವರ್ಷಕ್ಕೊಮ್ಮೆ, ಮಕ್ಕಳಿಗೆ ತೋರಿಸಲು, ಒಂದೆರಡು ಮರಿಗಳನ್ನಷ್ಟೇ ಒಳಗೆ ತರುತ್ತೇನೆ. ಕೋಶದಿಂದ ಚಿಟ್ಟೆ ಬಂದರೂ ಸರಿ, ನೊಣ ಬಂದರೂ ಸರಿ, ಬುಟ್ಟಿಯ ಬಾಯಿ ತೆರೆದಿಡುತ್ತೇನೆ. ನೊಣ ಹಾರಿಹೋಗುವಾಗ ಸಂತೋಷವಾಗುವುದಿಲ್ಲ, ಸುಳ್ಳು ಹೇಳಲಾರೆ. ನಾಲ್ಕು ಬ್ರಹ್ಮವಿಹಾರಗಳಲ್ಲಿ ಉಪೇಕ್ಷೆಯನ್ನು ಕೊನೆಗೆ ಯಾಕಿಟ್ಟಿದ್ದಾರೆ ಎಂದು ಆಗ ಸ್ವಲ್ಪ ತಿಳಿಯುತ್ತದೆ. ಉಪೇಕ್ಷೆ ಅಂದರೆ ಅಲಕ್ಷ್ಯವಲ್ಲ. ಬೆಳಿಗ್ಗೆ ಐದೂವರೆಗೆ ಏಳುವುದು, ಹಿಕ್ಕೆ ಗುಡಿಸುವುದು ಒಂದೂ ನಿಂತಿಲ್ಲ. ಫಲ ನನ್ನ ಇಷ್ಟದಂತೆಯೇ ಬರಬೇಕೆಂಬ ಹಟವನ್ನು ಮಾತ್ರ ಬಿಡಲು ಕಲಿಯುತ್ತಿದ್ದೇನೆ.

ಇನ್ನೊಂದು ಕೆಲಸ ಮಾಡಿದೆ. ಹಿತ್ತಲಲ್ಲಿ ಸ್ಕೂಟರ್ ನಿಲ್ಲಿಸಲು ಇಟ್ಟುಕೊಂಡಿದ್ದ ಜಾಗವನ್ನು ಎಕ್ಕಕ್ಕೆ ಬಿಟ್ಟುಕೊಟ್ಟೆ. ಸ್ಕೂಟರ್ ಈಗ ಬಿಸಿಲಲ್ಲಿ ನಿಲ್ಲುತ್ತದೆ. ಮೂರು ಗಿಡಗಳಾಗಿವೆ. ಅಲ್ಲಿ ಮರಿಗಳು ತಿನ್ನುತ್ತವೆ, ನೊಣಗಳು ಸುತ್ತುತ್ತವೆ, ಹೂವಿಗೆ ದುಂಬಿ ಬರುತ್ತದೆ. ಯಾರು ಯಾರನ್ನು ಉಣ್ಣಬೇಕು ಎಂದು ನಾನು ತೀರ್ಮಾನಿಸುವುದಿಲ್ಲ. ಶಿಬಿಯ ಹಾಗೆ ಮೈ ಕೊಯ್ದು ಕೊಡುವ ಶಕ್ತಿ ನನಗಿಲ್ಲ. ನನ್ನ ಪಾಲಿನಿಂದ ಆರು ಅಡಿ ನೆಲ ಕೊಡಬಲ್ಲೆ, ಅಷ್ಟು ಕೊಟ್ಟಿದ್ದೇನೆ.

ಇಂದು ನಾವು ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಕರುಣೆ ತೋರಿಸುತ್ತೇವೆ. ಆಗ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ಇದರ ಬೆಲೆಯನ್ನು ನಾನು ಕೊಡುತ್ತಿದ್ದೇನೆಯೇ, ಅಥವಾ ಎದುರಿಗಿಲ್ಲದ ಇನ್ನೊಬ್ಬರಿಂದ ಕೊಡಿಸುತ್ತಿದ್ದೇನೆಯೇ?

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏