ಹೆತ್ತದ್ದೋ, ಹೊತ್ತದ್ದೋ?

(ಬಿಕ್ಕೋಡಿನ ಬಸ್ ನಿಲ್ದಾಣ. ನಿವೃತ್ತ ಮೇಷ್ಟ್ರು ಮತ್ತು ಅವರ ಅಕ್ಕನ ಮಗಳು ಗೌರಿ ಬೇಲೂರಿನ ಬಸ್ಸಿಗೆ ಕಾದು ಕೂತಿದ್ದಾರೆ. ಭೂವಿಜ್ಞಾನ ಓದಿದ ಗೌರಿಯ ಅಂಗೈಯಲ್ಲಿ ಕಪ್ಪುಹಸಿರು ಕಲ್ಲಿನ ತುಂಡು.)

ಗೌರಿ: ಇದು ಕಿಂಬರ್ಲೈಟ್, ಮಾವ. ಅನಂತಪುರ ಜಿಲ್ಲೆಯ ವಜ್ರಕರೂರಿನದು. ಸುಮಾರು 110 ಕೋಟಿ ವರ್ಷದ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದಿತ್ತು. ಅದರ ಬಾಯಿ ಸವೆದುಹೋಗಿದೆ, ಕೊಳವೆಯ ಬುಡ ಉಳಿದಿದೆ.

ಮೇಷ್ಟ್ರು: ಅಂದರೆ ವಜ್ರದ ತಾಯಿ.

ಗೌರಿ: ಎಲ್ಲರೂ ಹಾಗೇ ಅಂತಾರೆ. ನಾನು ಒಪ್ಪಲ್ಲ. ಇದು ಹೆತ್ತವಳಲ್ಲ, ಹೊತ್ತು ತಂದವಳು.

ಮೇಷ್ಟ್ರು: ಅದು ಹೇಗೆ?

ಗೌರಿ: ಈ ಕಲ್ಲಿಗೆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಕಿಂಬರ್ಲಿಯಿಂದ. ಅಲ್ಲಿನ ಕೊಳವೆಗಳಿಗೆ ಸುಮಾರು 9 ಕೋಟಿ ವರ್ಷ. ಒಳಗಿನ ವಜ್ರಗಳಲ್ಲಿ 300 ಕೋಟಿ ದಾಟಿದವೂ ಇವೆ. ಮಗುವಿಗೆ ತಾಯಿಗಿಂತ ಹೆಚ್ಚು ವಯಸ್ಸಾಗೋದುಂಟಾ?

ಮೇಷ್ಟ್ರು: ಹುಟ್ಟಿದ್ದನ್ನ ಕಂಡವರಿಲ್ಲ. ವಯಸ್ಸು ಹೇಗೆ ಹೇಳ್ತೀರಿ?

ಗೌರಿ: ವಜ್ರ ಹುಟ್ಟೋದು ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ. ಬೆಳೆಯುವಾಗ ಪಕ್ಕದ ಗಾರ್ನೆಟ್ ಕಣಗಳನ್ನ ಒಳಗೆ ಮುಚ್ಚಿಕೊಳ್ಳುತ್ತೆ. ಆ ಕಣದಲ್ಲಿರೋ ಕೆಲವು ಧಾತುಗಳು ತಪ್ಪದ ಗತಿಯಲ್ಲಿ ಬೇರೆ ಧಾತುಗಳಾಗ್ತಾ ಹೋಗುತ್ತವೆ. ಎಷ್ಟು ಆಗಿದೆ ಅಂತ ಅಳೆದರೆ ವಯಸ್ಸು ಸಿಗುತ್ತೆ. ಕಂಡವರಿಲ್ಲ ನಿಜ, ಆದರೆ ಜೊತೆಗಿದ್ದ ಕಣ ಸಾಕ್ಷಿ ಹೇಳುತ್ತೆ.

ಮೇಷ್ಟ್ರು: ಸರಿ, ಒಪ್ಪಿದೆ. ಮಳೆ ಬಿದ್ದರೆ ವಜ್ರಕರೂರಿನ ಕಡೆ ಜನ ಹೊಲದಲ್ಲಿ ವಜ್ರ ಹುಡುಕ್ತಾರಂತಲ್ಲ?

ಗೌರಿ: ಮುಂಗಾರು ಶುರುವಾದರೆ ಸಾಕು, ದೂರದ ಊರುಗಳಿಂದ ಬರ್ತಾರೆ. ಬಗ್ಗಿಕೊಂಡು ಒಂದೊಂದೇ ಕಲ್ಲು ತಿರುವಿ ನೋಡ್ತಾರೆ.

ಮೇಷ್ಟ್ರು: ಸಿಕ್ಕಿದರೆ ಏನು ಬೆಲೆ ಬರಬಹುದು?

ಗೌರಿ: ಬೆಲೆಯ ಮಾತಿಗೆ ಬಿದ್ದರೆ ಬಸ್ಸು ಬರೋವರೆಗೂ ಅದೇ ಆಗುತ್ತೆ, ಮಾವ. ನಾನು ಹೇಳಬೇಕು ಅಂದುಕೊಂಡದ್ದು ಕಾರ್ಬೊನಟೈಟಿನ ವಿಷಯ. ಹೊಗೇನಕಲ್ ಹತ್ತಿರ ಆ ಕಲ್ಲಿದೆ. ನೋಡೋಕೆ ಸುಣ್ಣಕಲ್ಲು, ಆಸಿಡ್ ಹನಿಸಿದರೆ ಬುಸುಗುಟ್ಟಿ ನೊರೆ ಏಳುತ್ತೆ. 1921ರಲ್ಲಿ ನಾರ್ವೆಯ ಭೂವಿಜ್ಞಾನಿ ಬ್ರೋಗರ್, ಇಂಥ ಕಲ್ಲು ಶಿಲಾಪಾಕದಿಂದಲೇ ಹುಟ್ಟಿದ್ದು ಅಂದಾಗ ದೊಡ್ಡ ದೊಡ್ಡ ವಿದ್ವಾಂಸರೇ ಒಪ್ಪಲಿಲ್ಲ. ಸುಣ್ಣ ಎಲ್ಲಾದರೂ ಬೆಂಕಿಯಲ್ಲಿ ಹುಟ್ಟುತ್ತಾ, ದಾರಿಯಲ್ಲಿ ಸಿಕ್ಕಿದ ಸುಣ್ಣಕಲ್ಲನ್ನ ಶಿಲಾಪಾಕ ಎಳೆದು ತಂದಿರಬೇಕು ಅಂದರು. 1960ರಲ್ಲಿ ಎರಡು ಸಂಗತಿ ಆದವು. ಕ್ಯಾಲ್ಸೈಟ್ ನೀರಿನ ಜೊತೆ ಒತ್ತಡದಲ್ಲಿ ಸುಮಾರು 650 ಡಿಗ್ರಿಗೇ ಕರಗುತ್ತೆ ಅಂತ ಪ್ರಯೋಗಶಾಲೆ ತೋರಿಸಿತು. ಇಂದಿನ ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಬೆಟ್ಟದ ಬಾಯಲ್ಲಿ ಕಾರ್ಬೊನೇಟಿನ ಲಾವಾ ಹರಿಯೋದನ್ನೇ ಕಂಡರು. ಹರಿಯುವಾಗ ಕೆಸರಿನಂತೆ ಕಪ್ಪು, ಆರಿದ ಮೇಲೆ ತೇವ ತಾಗಿ ಬೆಳ್ಳಗಾಗುತ್ತೆ. ನೋಡಿ, ಕಿಂಬರ್ಲೈಟಿನಲ್ಲಿ ಹೆತ್ತದ್ದು ಅಂದುಕೊಂಡದ್ದು ಹೊತ್ತದ್ದಾಗಿತ್ತು. ಇಲ್ಲಿ ಹೊತ್ತದ್ದು ಅಂದುಕೊಂಡದ್ದು ಹೆತ್ತದ್ದಾಯಿತು. ಮಡಿಲಲ್ಲಿ ಇದ್ದದ್ದೆಲ್ಲ ಮಕ್ಕಳಲ್ಲ, ಹೋಲದ್ದೆಲ್ಲ ಹೊರಗಿನದೂ ಅಲ್ಲ. ಮೂಲ ಕೇಳುವಾಗ ನಾವು ಮುಖ ನೋಡಿ ತೀರ್ಮಾನ ಮಾಡಬಾರದು.

ಮೇಷ್ಟ್ರು: ಒಳ್ಳೇ ಮಾತು. ಈ ಎರಡು ಕಲ್ಲಿಗೂ ಸಂಬಂಧ ಏನಾದರೂ?

ಗೌರಿ: ಎರಡರ ಪಾಕವೂ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ತುಂಬಾ ಆಳದಿಂದ ಬಂದದ್ದು. ಒಂದೇ ಬಸಿರಿನವೋ ಅಲ್ಲವೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

(ಮೇಷ್ಟ್ರು ಜೇಬಿನಿಂದ ಒಂದು ತುಂಡು ಬಳಪ ತೆಗೆದು ಉಗುರಿನಿಂದ ಗೀರುತ್ತಾರೆ. ಬಿಳಿ ಗೆರೆ ಮೂಡುತ್ತದೆ. ಬೆರಳಿಗೆ ಸೋಪಿನಂಥ ನುಣುಪು.)

ಮೇಷ್ಟ್ರು: ಮೂವತ್ತು ವರ್ಷ ಇದನ್ನ ಹಿಡಿದು ಮಕ್ಕಳ ಕೈ ತಿದ್ದಿಸಿದೆ. 1117ರಲ್ಲಿ ಬೇಲೂರಿನ ಗುಡಿ ಎದ್ದಿದ್ದೂ ಬಳಪದ ಕಲ್ಲಿನಿಂದಲೇ. ಇದು ಹೆತ್ತದ್ದೋ, ಹೊತ್ತದ್ದೋ?

ಗೌರಿ: ಎರಡೂ ಅಲ್ಲ. ನಮ್ಮ ಕಡೆಯ ಬಳಪದ ಕಲ್ಲು ಬಹುಪಾಲು ಮೆಗ್ನೀಷಿಯಂ ಹೆಚ್ಚಿದ್ದ ಹಳೇ ಅಗ್ನಿಶಿಲೆ. ಬಿಸಿನೀರು ಹೊಕ್ಕು, ಒತ್ತಡ ಬಿದ್ದು, ಇದ್ದಲ್ಲೇ ಮೆತ್ತಗಾಗಿ ಬೇರೆ ಕಲ್ಲಾಯಿತು.

ಮೇಷ್ಟ್ರು: ಹಾಗಾದರೆ ಬೆಂಕಿಯಲ್ಲಿ ಹುಟ್ಟಿದ ದಿನವೇ ಇದರ ಮೂಲವೋ, ನೀರು ಹೊಕ್ಕ ದಿನವೋ? ಬಂಡೆ ಗಟ್ಟಿಯಾಗೇ ಉಳಿದಿದ್ದರೆ ಆ ಗುಡಿಯ ಮದನಿಕೆಯ ಬಳೆ ಅಷ್ಟು ನಾಜೂಕಾಗಿ ಕೆತ್ತೋಕೆ ಆಗ್ತಿತ್ತಾ?

ಗೌರಿ: ಆಗ್ತಿರಲಿಲ್ಲ.

ಮೇಷ್ಟ್ರು: ಹಾಗಿದ್ದರೆ ಮೂಲ ಅನ್ನೋದು ಒಂದೇ ಅಂತ ಯಾಕೆ ಹಿಡಿದಿದ್ದೀಯಮ್ಮ?

(ಗೌರಿ ಬಳಪವನ್ನು ಕಿಂಬರ್ಲೈಟಿನ ಪಕ್ಕ ಇಟ್ಟು ನೋಡುತ್ತಾಳೆ. ಬಸ್ಸು ಬಂತು.)