ಛಾಯಾಚಿತ್ರದ ನಿಯಮವೂ ಚಿತ್ರಗ್ರಾಹಕನ ಧರ್ಮವೂ

ಯಾವ ಕಲೆಯು ಎಲ್ಲರ ಕೈಗೂ ಬಂದಿರುವುದೋ ಅದರ ಧರ್ಮಾಧರ್ಮಗಳನ್ನು ಎಲ್ಲರೂ ವಿಚಾರಿಸಬೇಕಾಗುತ್ತದೆ. ಛಾಯಾಗ್ರಹಣವು ಈಗ ಅಂತಹ ಕಲೆಯಾಗಿದೆ. ಹಿಂದೆ ಮದುವೆ ಉಪನಯನಗಳಿಗೆ ಪೇಟೆಯಿಂದ ಛಾಯಾಗ್ರಾಹಕನನ್ನು ಕರೆಸಬೇಕಾಗಿತ್ತು. ಇಂದು ಶಿವಮೊಗ್ಗ ಭದ್ರಾವತಿಗಳ ನಡುವಣ ಮಾಚೇನಹಳ್ಳಿಯಲ್ಲಿ ಕಾರ್ಖಾನೆಗೆ ಹೋಗುವ ಕೆಲಸಗಾರನ ಜೇಬಿನಲ್ಲಿಯೂ ಚಿತ್ರ ತೆಗೆಯುವ ಮೊಬೈಲು ಇದೆ. ಆದಕಾರಣ ಒಳ್ಳೆಯ ಚಿತ್ರವನ್ನು ತೆಗೆಯುವುದು ಹೇಗೆಂಬ ಪ್ರಶ್ನೆಯೊಡನೆ, ಚಿತ್ರವು ಒಳ್ಳೆಯದಾದ ಮಾತ್ರಕ್ಕೆ ಅದನ್ನು ತೆಗೆದುದೂ ಒಳ್ಳೆಯದಾಯಿತೇ ಎಂಬ ಪ್ರಶ್ನೆಯೂ ವಿಚಾರಾರ್ಹವಾಗಿದೆ.

ಮೊದಲನೆಯ ಪ್ರಶ್ನೆಗೆ ಅನುಭವಿಗಳು ಕೊಡುವ ಉತ್ತರವು ಸುಲಭವಾದುದು. ನಡುಹಗಲಿನ ಬಿಸಿಲು ಕಣ್ಣುಗುಳಿಗಳಲ್ಲಿ ಕಪ್ಪು ನೆರಳನ್ನು ಕೆಡಹುವುದರಿಂದ ಬೆಳಗಿನ ಅಥವಾ ಸಂಜೆಯ ಓರೆ ಬೆಳಕನ್ನು ಆರಿಸಬೇಕು. ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಗೆರೆಗಳು ಕೂಡುವೆಡೆಯಲ್ಲಿ ಇರಿಸಬೇಕು. ಈ ಮೂರು ಪಾಲಿನ ನಿಯಮವನ್ನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬಾತನು ಛಾಯಾಗ್ರಹಣವು ಹುಟ್ಟುವ ಮೊದಲೇ, 1797ರಲ್ಲಿ, ವರ್ಣಚಿತ್ರವನ್ನು ಕುರಿತು ಬರೆದಿಟ್ಟನು. ತಲೆಯ ಮೇಲೆ ಕಂಬವು ಮೊಳೆತಂತೆ ಕಾಣದ ಹಾಗೆ ಹಿನ್ನೆಲೆಯನ್ನು ಗಮನಿಸಬೇಕು. ಮಗುವನ್ನು ಚಿತ್ರಿಸುವಾಗ ಕುಳಿತು ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮೊಳಕೈಗಳನ್ನು ಪಕ್ಕೆಗೆ ಒತ್ತಿ ಕೈಯನ್ನು ಸ್ಥಿರಗೊಳಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತಿರಕ್ಕೆ ಹೋಗಬೇಕು.

ಈ ಕಡೆಯ ನಿಯಮದಲ್ಲಿಯೇ ತೊಡಕಿರುವುದು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಹೋದರೆ ಮಂಡಗದ್ದೆ ಸಿಕ್ಕುತ್ತದೆ. ಅಲ್ಲಿ ತುಂಗೆಯ ನಡುವಣ ಚಿಕ್ಕ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಮಾಚೇನಹಳ್ಳಿಯ ತರುಣನೊಬ್ಬನು ಅಲ್ಲಿಗೆ ಹೋದನೆಂದು ಭಾವಿಸಬಹುದು. ದಡದಿಂದ ತೆಗೆದರೆ ಹಕ್ಕಿಗಳು ಬಿಳಿಯ ಚುಕ್ಕೆಗಳಂತೆ ಮಾತ್ರ ಕಾಣುತ್ತವೆ. ದೋಣಿ ಹತ್ತಿ ಸಮೀಪಿಸಿದರೆ ಚಿತ್ರವು ಚೆನ್ನಾಗುತ್ತದೆ. ಚಪ್ಪಾಳೆ ತಟ್ಟಿ ಎಬ್ಬಿಸಿದರೆ ರೆಕ್ಕೆ ಬಿಚ್ಚಿದ ಚಿತ್ರವೂ ದೊರೆಯುತ್ತದೆ. ಆದರೆ ತಾಯಿಹಕ್ಕಿ ಎದ್ದುಹೋದ ಗೂಡಿನಲ್ಲಿ ಮೊಟ್ಟೆಯು ತಣ್ಣಗಾಗುತ್ತದೆ. ಮರಿಯು ಮಳೆಗೆ ನೆನೆಯುತ್ತದೆ. ಕಾಗೆ ಹದ್ದುಗಳಿಗೆ ಅಷ್ಟು ಹೊತ್ತೇ ಸಾಕು. ಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ.

ಮೀಮಾಂಸಕರು ವಿಧಿನಿಷೇಧಗಳನ್ನು ಕ್ರತ್ವರ್ಥ, ಪುರುಷಾರ್ಥ ಎಂದು ಎರಡಾಗಿ ವಿಂಗಡಿಸುತ್ತಾರೆ. ಕ್ರತ್ವರ್ಥವು ಯಜ್ಞದ ಸಿದ್ಧಿಗಾಗಿ ಇರತಕ್ಕದ್ದು. ಅದನ್ನು ಮೀರಿದರೆ ಯಜ್ಞವು ಕೆಡುತ್ತದೆ. ಪುರುಷಾರ್ಥವು ಮಾಡುವ ಮನುಷ್ಯನಿಗಾಗಿ ಇರತಕ್ಕದ್ದು. ಅದನ್ನು ಮೀರಿದರೆ ಯಜ್ಞವು ಪೂರ್ಣವಾಗಬಹುದು, ದೋಷವು ಮಾತ್ರ ಮನುಷ್ಯನಿಗೆ ಅಂಟುತ್ತದೆ. ಬೆಳಕು, ಚೌಕಟ್ಟು, ಹಿನ್ನೆಲೆಗಳ ನಿಯಮಗಳೆಲ್ಲ ಮೊದಲನೆಯ ಬಗೆಯವು. ಎದುರಿಗಿರುವ ಜೀವವನ್ನು ನೋಯಿಸಬಾರದೆಂಬುದು ಎರಡನೆಯ ಬಗೆಯದು. ಇದನ್ನು ಮೀರಿದವನ ಚಿತ್ರವು ಬಹುಮಾನವನ್ನೂ ಪಡೆಯಬಹುದು. ಚಿತ್ರದ ಚೆಲುವು ತೆಗೆದವನ ನಿರ್ದೋಷತ್ವಕ್ಕೆ ಸಾಕ್ಷಿಯಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಒಂದು ಗೂಡಿಗೆ ಅಲ್ಪ ತೊಂದರೆಯಾದರೂ, ಆ ಚಿತ್ರವನ್ನು ಕಂಡು ಸಾವಿರ ಮಂದಿ ಹಕ್ಕಿಗಳನ್ನು ಪ್ರೀತಿಸಲು ಕಲಿಯುವುದಾದರೆ ಲಾಭವೇ ಹೆಚ್ಚಲ್ಲವೇ ಎಂದು ಕೆಲವರು ಕೇಳಬಹುದು. ಈ ಮಾತು ಪೂರ್ತಿಯಾಗಿ ತಳ್ಳಿಹಾಕತಕ್ಕದ್ದಲ್ಲ. ಕಾಡನ್ನು ಕಾಣದವರಲ್ಲಿ ಕಾಡಿನ ಮೇಲೆ ಮಮತೆ ಹುಟ್ಟಿಸಿದುದರಲ್ಲಿ ಚಿತ್ರಗಳ ಪಾಲು ದೊಡ್ಡದು. ಆದರೆ ಕಷ್ಟವು ಹಕ್ಕಿಯದು, ಕೀರ್ತಿಯು ಚಿತ್ರಗ್ರಾಹಕನದು. ಲೆಕ್ಕ ಹಾಕುವವನೂ ಲಾಭ ಪಡೆಯುವವನೂ ಒಬ್ಬನೇ ಆಗಿರುವಲ್ಲಿ ಆ ಲೆಕ್ಕವನ್ನು ನಂಬುವುದು ಹೇಗೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆ ಗೂಡುಗಳನ್ನು ಕಲಕುವುದನ್ನೂ ಬೇಟೆಯೆಂಬ ಪದದ ಅರ್ಥದಲ್ಲಿಯೇ ಸೇರಿಸಿರುವುದು ಯುಕ್ತವಾಗಿದೆ. ಮೇಲಾಗಿ ಹತ್ತಿರವಾಗಲು ಬೇರೊಂದು ದಾರಿಯೂ ಇದೆ, ಅದು ಕಾಯುವುದು. ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರಕ್ಕಾಗಿ ಹೀಗೆ ದೀರ್ಘಕಾಲ ಕಾದವರು. ಕಾಯುವವನ ಬಳಿಗೆ ಹಕ್ಕಿಯು ತಾನಾಗಿ ಬರಬಹುದು, ಬಾರದಿರಲೂಬಹುದು. ಬಾರದಿರುವ ಹಕ್ಕನ್ನು ಅದಕ್ಕೆ ಬಿಟ್ಟುಕೊಡುವುದೇ ಇಲ್ಲಿಯ ಸಂಯಮ.

ಮನುಷ್ಯರ ವಿಷಯದಲ್ಲಿಯೂ ಇದೇ ನ್ಯಾಯ. ರಾತ್ರಿಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುವ ಕೆಲಸಗಾರನ ಮುಖವು ಕಿಟಕಿಯ ಓರೆ ಬೆಳಕಿನಲ್ಲಿ ಮನೋಹರವಾಗಿರಬಹುದು. ಎಲ್ಲ ನಿಯಮಗಳೂ ಕೂಡಿಬಂದಿರುತ್ತವೆ. ಅವನ ಒಪ್ಪಿಗೆಯೊಂದು ಮಾತ್ರ ಇರುವುದಿಲ್ಲ. ಮಗುವಿನ ಮುಂದೆ ಕುಳಿತುಕೊಳ್ಳಬೇಕೆಂಬ ನಿಯಮವನ್ನು ಬಲ್ಲವನು, ಇವನ ಮುಂದೆಯೂ ಮನಸ್ಸಿನಲ್ಲಾದರೂ ಅಷ್ಟು ಕೆಳಗಿಳಿಯಬೇಕು.

ಮಂಡಗದ್ದೆಗೆ ಹೋದ ತರುಣನು ದಡದಲ್ಲಿಯೇ ನಿಂತು ಬಿಳಿಯ ಚುಕ್ಕೆಗಳ ಚಿತ್ರವನ್ನಷ್ಟೇ ತಂದರೆ ಮನೆಯವರು ಅದನ್ನು ಸಾಧಾರಣವೆನ್ನಬಹುದು. ನಡುಗಡ್ಡೆಯಲ್ಲಿ ಹಕ್ಕಿಗಳು ಮಾತ್ರ ಗೂಡು ಬಿಟ್ಟು ಎದ್ದಿರುವುದಿಲ್ಲ.