ಗುರುತು ಮರೆತರೂ ಮರೆಯಲ್ಪಡದವರು

ವೇದಪಾಠ: ಆದಿಕಾಂಡ 48: 8–20



ಯಾಕೋಬನು ಐಗುಪ್ತದೇಶದಲ್ಲಿ ಮರಣಕ್ಕೆ ಸಮೀಪವಾದಾಗ ಯೋಸೇಫನು ತನ್ನ ಇಬ್ಬರು ಮಕ್ಕಳನ್ನು ಅವನ ಬಳಿಗೆ ಕರೆತಂದನು. ವೃದ್ಧನು ಅವರನ್ನು ನೋಡಿ, ಇವರು ಯಾರೆಂದು ಕೇಳಿದನು. ಮುಪ್ಪಿನಿಂದ ಅವನ ಕಣ್ಣುಗಳು ಮಬ್ಬಾಗಿದ್ದವು. ಯೋಸೇಫನಾದರೋ, ಸ್ವಂತ ಮೊಮ್ಮಕ್ಕಳ ಗುರುತೂ ನಿನಗಿಲ್ಲವೋ ಎಂದು ಗದರಿಸಲಿಲ್ಲ. ಇವರು ದೇವರು ತನಗೆ ದಯಪಾಲಿಸಿದ ಮಕ್ಕಳೆಂದು ಶಾಂತವಾಗಿ ತಿಳಿಸಿ ಅವರನ್ನು ಹತ್ತಿರಕ್ಕೆ ತಂದನು. ವೃದ್ಧನು ಅವರನ್ನು ಅಪ್ಪಿಕೊಂಡು ಮುದ್ದಿಟ್ಟು ಆಶೀರ್ವದಿಸಿದನು.

ಯಾಕೋಬನಿಗೆ ಕಣ್ಣು ಮಬ್ಬಾಯಿತು; ನಮ್ಮ ಹಿರಿಯರಲ್ಲಿ ಅನೇಕರಿಗೆ ಜ್ಞಾಪಕವೇ ಮಬ್ಬಾಗುತ್ತದೆ. ಗುರುತಿಸುವ ಶಕ್ತಿಯಲ್ಲಿ ಎರಡು ಅಂಶಗಳುಂಟೆಂದು ಪಂಡಿತರು ಹೇಳುತ್ತಾರೆ. ಈ ಮುಖವನ್ನು ಎಲ್ಲಿಯೋ ಕಂಡಿದ್ದೇನೆಂಬ ಭಾವವು ಒಂದು. ಇವನು ಇಂಥವನು, ಇಂಥ ಊರಲ್ಲಿ ಕಂಡೆನೆಂಬ ನೆನಪು ಮತ್ತೊಂದು. ಮುಪ್ಪಿನಲ್ಲಿ ಎರಡನೆಯದು ಹೆಚ್ಚಾಗಿ ಕುಂದುತ್ತದೆ. ಮೊದಲನೆಯದು ಬಹುಮಟ್ಟಿಗೆ ಉಳಿಯುತ್ತದೆ. ಆದಕಾರಣ ತಾವಾಗಿ ಹೇಳಲಾರದ ವಾಕ್ಯವನ್ನು ಸಹ ಹಿರಿಯರು ಕೇಳಿದೊಡನೆ ಗುರುತಿಸುವುದುಂಟು. ಆದರೆ ಹೆತ್ತ ಮಕ್ಕಳನ್ನೇ ಗುರುತಿಸದಂತಾಗುವುದು ಕೇವಲ ಮುಪ್ಪಲ್ಲ, ಮೆದುಳಿನ ರೋಗದ ಲಕ್ಷಣವಾಗಿರಬಹುದು. ಅಂಥ ರೋಗವೊಂದನ್ನು ಜರ್ಮನಿಯ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು 1906ರಲ್ಲಿ ವಿವರಿಸಿದರು. ಅದು ಶಾಪವಲ್ಲ, ದೆವ್ವದ ಕಾಟವೂ ಅಲ್ಲ, ವೈದ್ಯರಿಗೆ ತೋರಿಸತಕ್ಕದ್ದು.

ಅಪರಿಚಿತನನ್ನು ಪರಿಚಿತನೆಂದು ಭ್ರಮಿಸುವುದೂ ಮುಪ್ಪಿನಲ್ಲಿ ಹೆಚ್ಚು. ಇದನ್ನು ತಿಳಿದು ವೃದ್ಧರಿಂದ ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೆ ಅಯ್ಯೋ! ಯಾಕೋಬನೂ ಯೌವನದಲ್ಲಿ ಕೈಗಳಿಗೆ ಆಡುಮರಿಯ ಚರ್ಮವನ್ನು ಸುತ್ತಿಕೊಂಡು, ಕಣ್ಣು ಕಾಣದ ತಂದೆಯಾದ ಇಸಾಕನನ್ನು ವಂಚಿಸಿದ್ದನು. ಆ ವಂಚಕನೇ ಕಡೆಗೆ ಮಬ್ಬುಗಣ್ಣಿನವನಾಗಿ ಮಗನ ದಯೆಯನ್ನು ಆಶ್ರಯಿಸಬೇಕಾಯಿತು. ನಾವೂ ಒಂದು ದಿನ ಆ ಮಂಚದ ಮೇಲೆ ಕೂಡ್ರುವವರೇ ಅಲ್ಲವೇ?

ಕರ್ತನ ಪ್ರಾರ್ಥನೆಯನ್ನೂ ಮರೆತ ಅಜ್ಜಿಗೆ ಇನ್ನೆಲ್ಲಿಯ ವಿಶ್ವಾಸವೆಂದು ಸಂಶಯಪಟ್ಟು, ಆಕೆಯನ್ನು ಕರ್ತನ ಭೋಜನಕ್ಕೆ ಕರೆತರಲು ಕೆಲವರು ಹಿಂಜರಿಯುತ್ತಾರೆ. ಹಾಗಾದರೆ ನಮ್ಮ ರಕ್ಷಣೆಯು ಕ್ರಿಸ್ತನ ಕೃಪೆಯ ಮೇಲೆ ನಿಂತಿದೆಯೋ, ನಮ್ಮ ಜ್ಞಾಪಕಶಕ್ತಿಯ ಮೇಲೆಯೋ? ಒಳ್ಳೇ ಕುರುಬನು ತನ್ನ ಕುರಿಗಳನ್ನು ಬಲ್ಲನು. ನರೆಬಂದ ಕಾಲದಲ್ಲಿಯೂ ತನ್ನ ಜನರನ್ನು ಹೊರುವೆನೆಂದು ಯೆಹೋವನು ಯೆಶಾಯನ ಮೂಲಕ ಮಾತು ಕೊಟ್ಟಿದ್ದಾನೆ. ಮಗುವು ತಾಯಿಯ ಹೆಸರನ್ನು ಹೇಳಲಾರದಿದ್ದರೂ ಆಕೆಯ ಮಡಿಲಲ್ಲಿಯೇ ಇದೆ.

ಆದುದರಿಂದ ಹಿರಿಯರನ್ನು ಕಾಣಹೋದಾಗ, ನಾನು ಯಾರು ಹೇಳಿರಿ ಎಂದು ಪರೀಕ್ಷಿಸದಿರೋಣ. ಮೊದಲು ನಮ್ಮ ಹೆಸರನ್ನೂ ತಂದೆಯ ಹೆಸರನ್ನೂ ತಿಳಿಸೋಣ. ಹತ್ತಿರ ಕೂತು ಕೈ ಹಿಡಿಯೋಣ. ಅವರ ಬಾಲ್ಯದ ಕೀರ್ತನೆಯನ್ನು ಹಾಡೋಣ, ಅವರು ಮರೆತ ಪ್ರಾರ್ಥನೆಯನ್ನು ಅವರ ಪರವಾಗಿ ನಾವೇ ಹೇಳೋಣ. ಅವರು ನಮ್ಮನ್ನು ಗುರುತಿಸದಿದ್ದರೂ ಅವರನ್ನು ಹೆಸರೆತ್ತಿ ಕರೆದಾತನು ನಮ್ಮ ಸೇವೆಯನ್ನು ಕಾಣುತ್ತಾನೆ. ಆಮೆನ್.